ವೆಲ್ಲೆಸ್ಲಿ ಮನೆತನದ ವಂಶವೃಕ್ಷಕ್ಕೆ ನನಗೆ ಎರಡು ಬಣ್ಣದ ಪೆನ್ನು ಬೇಕಾಯಿತು

1799ರ ಶ್ರೀರಂಗಪಟ್ಟಣದ ಇತಿಹಾಸ ಓದುವಾಗ ವೆಲ್ಲೆಸ್ಲಿ ಅನ್ನೋ ಹೆಸರು ಎಲ್ಲಿ ನೋಡಿದರೂ ಎದುರಾಗುತ್ತದೆ. ಗವರ್ನರ್ ಜನರಲ್ ಆಗಿದ್ದವನು ರಿಚರ್ಡ್. ಕೋಟೆ ಬಿದ್ದ ಮೇಲೆ ಪಟ್ಟಣದ ಅಧಿಕಾರ ಸಿಕ್ಕಿದ್ದು ಕರ್ನಲ್ ಆರ್ಥರ್‌ಗೆ. ಮೈಸೂರು ರಾಜ್ಯವನ್ನು ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು ಅಂತ ಇತ್ಯರ್ಥ ಮಾಡಿದ ಐವರ ಸಮಿತಿಯಲ್ಲಿ ಆರ್ಥರ್ ಜೊತೆ ಹೆನ್ರಿಯೂ ಇದ್ದ. ಮೂವರೂ ಒಡಹುಟ್ಟಿದವರು. ಅಣ್ಣ ಕುರ್ಚಿಯಲ್ಲಿದ್ದರೆ ತಮ್ಮಂದಿರಿಗೆ ಚಿಂತೆಯೇನು, ಅಲ್ವಾ? ಈ ಮನೆಯವರ ಕಥೆ ಪೂರ್ತಿ ತಿಳಿಯೋಣ ಅಂತ ವಂಶವೃಕ್ಷ ಬರೆಯಲು ಕೂತೆ.

ದೊಡ್ಡ ಡ್ರಾಯಿಂಗ್ ಹಾಳೆ ತಗೊಂಡೆ. ಪದವಿ, ಅಂದರೆ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್ ಅಂತ ಮೇಲಿಂದ ಕೆಳಗೆ ಇರುವ ವಂಶಪಾರಂಪರ್ಯ ಬಿರುದು ಹೋದ ದಾರಿಗೆ ನೀಲಿ, ರಕ್ತಸಂಬಂಧಕ್ಕೆ ಕೆಂಪು. ಪ್ರತಿಯೊಬ್ಬರನ್ನೂ ಹುಟ್ಟಿದಾಗಿನ ಹೆಸರಲ್ಲೇ ಬರೆದೆ. ಪದವಿಗಳನ್ನು ಇಸವಿ ಸಮೇತ ಪಕ್ಕದಲ್ಲಿ ಹಾಕಿದೆ. ಹೀಗೆ ಮಾಡದಿದ್ದರೆ ಒಬ್ಬನೇ ಮನುಷ್ಯ ನಾಲ್ಕು ಜನರ ಹಾಗೆ ಕಾಣುತ್ತಾನೆ. 1769ರಲ್ಲಿ ಹುಟ್ಟಿದಾಗ ಆರ್ಥರ್ ವೆಸ್ಲಿ, 1798ರಿಂದ ವೆಲ್ಲೆಸ್ಲಿ, 1809ರಲ್ಲಿ ವೈಕೌಂಟ್ ವೆಲಿಂಗ್ಟನ್, 1814ರಲ್ಲಿ ಡ್ಯೂಕ್. ವೆಸ್ಲಿ ಅನ್ನೋದೂ ಮೂಲ ಹೆಸರಲ್ಲ. ಅವನ ತಾತ ರಿಚರ್ಡ್ ಕೋಲಿ 1728ರಲ್ಲಿ ಐರ್ಲೆಂಡಿನ ಬಂಧುವೊಬ್ಬರ ಆಸ್ತಿ ಬಂದಾಗ ಹೆಸರನ್ನೂ ತಗೊಂಡ, ನಮ್ಮಲ್ಲಿ ದತ್ತು ಹೋದವರ ಹಾಗೆ. ಪದವಿ ಕೊಟ್ಟ ತಾರೀಖುಗಳಿಗೆ ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಝೆಟ್ ಒಳ್ಳೆಯದು. ಹಳೆಯ ಸಂಚಿಕೆಗಳು ಆನ್‌ಲೈನ್‌ನಲ್ಲಿ ಬಿಟ್ಟಿ ಸಿಗುತ್ತವೆ.

ಎರಡು ಬಣ್ಣ ಸಾರ್ಥಕವಾಗಿದ್ದು ರಿಚರ್ಡ್ ವಿಷಯದಲ್ಲಿ. ಮೈಸೂರು ಗೆದ್ದದ್ದಕ್ಕೆ ಅವನನ್ನು ಮಾರ್ಕ್ವೆಸ್ ಮಾಡಿದರು, ಅದೂ ಐರ್ಲೆಂಡಿನ ಲೆಕ್ಕದಲ್ಲಿ. ಹೆಚ್ಚು ಬೆಲೆಯಿದ್ದ ಬ್ರಿಟನ್ನಿನದು ಸಿಗಲಿಲ್ಲ ಅಂತ ಸಿಟ್ಟಾಗಿ, ಇದು ಚಿನ್ನದ ನೀರು ಹಾಕಿದ ಆಲೂಗಡ್ಡೆ ಅಂತ ಗೊಣಗಿದ. ಫ್ರೆಂಚ್ ಹೆಂಗಸು ಯಸಿಂತ್ ರೋಲಾಂ ಜೊತೆ ಅವನಿಗೆ ಐದು ಮಕ್ಕಳು. ಮದುವೆಯಾಗಿದ್ದು ಮಕ್ಕಳೆಲ್ಲ ಹುಟ್ಟಿದ ಮೇಲೆ, 1794ರಲ್ಲಿ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಆಮೇಲೆ ತಾಳಿ ಕಟ್ಟಿದರೂ ಮಕ್ಕಳಿಗೆ ಪದವಿಯ ಹಕ್ಕಿಲ್ಲ. 1842ರಲ್ಲಿ ಅವನು ಸತ್ತಾಗ ಆ ಪದವಿಯ ನೀಲಿ ಗೆರೆ ಅಲ್ಲಿಗೇ ನಿಂತಿತು. ಕೆಂಪು ಗೆರೆ ಮಾತ್ರ ಇಳಿಯುತ್ತಲೇ ಹೋಯಿತು. ಮಗಳು ಆ್ಯನ್, ಅವಳ ಮಗ ಪಾದ್ರಿ ಚಾರ್ಲ್ಸ್ ಕ್ಯಾವೆಂಡಿಶ್-ಬೆಂಟಿಂಕ್, ಅವನ ಮಗಳು ಸಿಸಿಲಿಯಾ, ಅವಳ ಮಗಳು ಎಲಿಜಬೆತ್ ಬೋಸ್-ಲಿಯಾನ್. ಈಗಿನ ರಾಜ ಮೂರನೇ ಚಾರ್ಲ್ಸ್‌ನ ಅಜ್ಜಿ ಈಕೆ! ಹಕ್ಕಿಲ್ಲ ಅಂದ ಸಂತಾನ ಸಿಂಹಾಸನದ ಮೇಲೆ ಕೂತಿದೆ.

ಅಪ್ಪನಿಂದ ರಿಚರ್ಡ್‌ಗೆ ಬಂದಿದ್ದ ಮಾರ್ನಿಂಗ್ಟನ್ ಅರ್ಲ್ ಪದವಿ ತಮ್ಮ ವಿಲಿಯಂಗೆ ಹೋಯಿತು. ವಿಲಿಯಂನ ಮಗ ಭಾರೀ ಶ್ರೀಮಂತೆ ಕ್ಯಾಥರೀನ್ ಟಿಲ್ನಿ-ಲಾಂಗ್‌ಳನ್ನು ಮದುವೆಯಾಗಿ ಅವಳ ಆಸ್ತಿ ಕರಗಿಸಿದ. 1822ರಲ್ಲಿ ಅವಳ ವಾನ್‌ಸ್ಟೆಡ್ ಬಂಗಲೆಯ ಸಾಮಾನೆಲ್ಲ ಹರಾಜಾಯಿತು. ಆಮೇಲೆ ಕಟ್ಟಡವನ್ನೂ ಕೆಡವಿ ಕಲ್ಲು ಮಾರಿದರು. 1863ರಲ್ಲಿ ಆ ಕವಲು ಮುಗಿದು ಪದವಿ ವೆಲಿಂಗ್ಟನ್ ಡ್ಯೂಕ್ ಮನೆಗೆ ಬಂತು.

ನೀಲಿ ಗೆರೆಯೇ ಸೀಳಿದ್ದು 1943ರಲ್ಲಿ. ಆರನೇ ಡ್ಯೂಕ್ ಇಟಲಿಯ ಸಲೆರ್ನೋ ಯುದ್ಧದಲ್ಲಿ ಸತ್ತ. ಮದುವೆಯಾಗಿರಲಿಲ್ಲ. ಬ್ರಿಟಿಷ್ ಪದವಿ ಚಿಕ್ಕಪ್ಪ ಜೆರಾಲ್ಡ್‌ಗೆ ಹೋಯಿತು. ಸ್ಪೇನ್ ಆರ್ಥರ್‌ಗೆ ಕೊಟ್ಟಿದ್ದ ಸಿಯುದಾದ್ ರೊಡ್ರಿಗೊ ಪದವಿ ಹೆಣ್ಣುಮಕ್ಕಳಿಗೂ ಸಲ್ಲುತ್ತಿತ್ತು, ಅದು ಆರನೇ ಡ್ಯೂಕ್‌ನ ಅಕ್ಕ ಆ್ಯನ್‌ಗೆ ಬಂತು. 1949ರಲ್ಲಿ ಆಕೆ ಅದನ್ನೂ ಚಿಕ್ಕಪ್ಪನಿಗೇ ಬಿಟ್ಟುಕೊಟ್ಟಳು.