ಕುಡಿತ ಬಿಡುವುದು ಹೇಗೆ: ಮೊದಲ ನಾಲ್ಕು ದಿನ ಮತ್ತು ಆಮೇಲಿನ ಸಂಜೆಗಳು

ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಸಂಚಕಾರ ಬರಬಹುದು. ಇದು ತಿಳಿಯದೆ ದೇವರ ಮುಂದೆ ಆಣೆ ಹಾಕಿಸಿ, ಕೋಣೆಗೆ ಚಿಲಕ ಜಡಿದು ಕುಡಿತ ಬಿಡಿಸಲು ಹೊರಡುವ ಮನೆಗಳು ಬಹಳ. ಅಯ್ಯಪ್ಪ ಮಾಲೆ ಹಾಕಿದ ದಿನವೇ ಬಾಟಲಿ ಬಿಟ್ಟು ಮರುದಿನ ಫಿಟ್ಸ್ ಬಂದು ಬಿದ್ದವರೂ ಇದ್ದಾರೆ. ಬಿಡುವ ದಿನವನ್ನು ವೈದ್ಯರನ್ನು ಕೇಳಿಯೇ ಗೊತ್ತುಮಾಡಿ. ಅಲ್ಲಿಯವರೆಗೆ ಏಕಾಏಕಿ ನಿಲ್ಲಿಸಬೇಡಿ; ಆದರೆ ಆ ದಿನವನ್ನು ಈ ವಾರದಾಚೆ ತಳ್ಳಲೂಬೇಡಿ.

ಲೆಕ್ಕ ಬರೆಯಿರಿ

ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಬೆಳಿಗ್ಗೆ ಎದ್ದೊಡನೆ ಬೇಕಾಗುತ್ತದೆಯೇ, ಹಿಂದೆ ಫಿಟ್ಸ್ ಬಂದಿತ್ತೇ, ಬಿಪಿ–ಶುಗರ್ ಮಾತ್ರೆ ಯಾವುದು: ಇಷ್ಟು ಒಂದು ಚೀಟಿಯಲ್ಲಿರಲಿ. 'ದಿನಾ ಒಂದೇ ಕ್ವಾರ್ಟರ್' ಎಂದು ಹಗುರ ಮಾಡಬೇಡಿ. ಶೇ 42.8ರ 180 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಕುಡಿತ ಬಿಡಿಸಲು ವೈದ್ಯರು ಕೊಡುವ ಮಾತ್ರೆಯ ಪ್ರಮಾಣ ನಿಂತಿರುವುದೇ ಈ ಲೆಕ್ಕದ ಮೇಲೆ. ಕಡಿಮೆ ಹೇಳಿದರೆ ಮಾತ್ರೆಯೂ ಕಡಿಮೆ ಬೀಳುತ್ತದೆ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಎಲ್ಲಿಗಾದರೂ ಹೋಗಿ. ಎಲ್ಲಿಗೆ ಎಂದೇ ತೋಚದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹಿಂದೆ ಫಿಟ್ಸ್ ಬಂದಿದ್ದರೆ, ಕಾಮಾಲೆ ಇದ್ದರೆ, ಗರ್ಭಿಣಿಯಾಗಿದ್ದರೆ, ವಯಸ್ಸಾಗಿದ್ದರೆ ಅಥವಾ ಮನೆಯಲ್ಲಿ ಒಬ್ಬರೇ ಇದ್ದರೆ ದಾಖಲಾಗುವುದೇ ಸರಿ.

ಮೊದಲ ನಾಲ್ಕು ದಿನ

ಕೊನೆಯ ಗುಟುಕಿನಿಂದ ಗಂಟೆ ಎಣಿಸಿ. ಆರೆಂಟು ಗಂಟೆಯಲ್ಲಿ ಕೈನಡುಕ, ಬೆವರು, ವಾಕರಿಕೆ, ಎದೆ ಡವಡವ ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಎರಡು ದಿನ ಕಳೆಯಿತು, ಗೆದ್ದೆವು ಎಂದು ಮನೆಯವರು ನಿರಾಳವಾಗುವ ಹೊತ್ತಿಗೇ, 48ರಿಂದ 96 ಗಂಟೆಯ ನಡುವೆ, ಸನ್ನಿ ಹಿಡಿಯಬಹುದು. ಹಗಲೋ ರಾತ್ರಿಯೋ ತಿಳಿಯದು. ಹೊದಿಕೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕೊಡವುತ್ತಲೇ ಇರುತ್ತಾರೆ. ಡ್ರೈವರ್ ಆದವರು ಮಂಚದ ಮೇಲೆ ಕೂತು ಗಾಳಿಯಲ್ಲೇ ಸ್ಟೀರಿಂಗ್ ತಿರುಗಿಸುತ್ತಾರೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಓಡುವುದು ಈಗಲೇ. ದಯವಿಟ್ಟು ಬೇಡ. ಮೈ ಕಾದಿದ್ದು ಮಾತು ದಿಕ್ಕು ತಪ್ಪಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಇದನ್ನೆಲ್ಲ ತಡೆಯಲು ವೈದ್ಯರು ಕ್ಲೋರ್ಡಯಜೆಪಾಕ್ಸೈಡ್ ಅಥವಾ ಡಯಜೆಪಾಮ್ ಕೊಡುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಶುರುವಿನಲ್ಲಿ ಹೆಚ್ಚು, ಆಮೇಲೆ ಇಳಿಸುತ್ತ ಬಂದು ವಾರ–ಹತ್ತು ದಿನದಲ್ಲಿ ನಿಲ್ಲಿಸುತ್ತಾರೆ. ಮಾತ್ರೆ ಮನೆಯವರ ಕೈಯಲ್ಲಿರಲಿ. ನುಂಗಿದ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು. ನಿದ್ದೆ ಚೆನ್ನಾಗಿ ಬರುತ್ತದೆಂದು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ತಂದು ನುಂಗಿದರೆ ಅದೇ ಇನ್ನೊಂದು ಚಟವಾಗುತ್ತದೆ. ನಿದ್ದೆ ಸರಿಯಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು.

ಇನ್ನೊಂದು ಎಡವಟ್ಟು ಗ್ಲೂಕೋಸ್ ಬಾಟಲಿಯದು. 'ಸುಸ್ತಾಗಿದ್ದಾರೆ, ಒಂದು ಡ್ರಿಪ್ ಹಾಕಿಸೋಣ' ಎಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ಯುತ್ತಾರೆ. ಹೆಚ್ಚು ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಬರೀ ಗ್ಲೂಕೋಸ್ ಏರಿಸಿದರೆ ಉಳಿದಷ್ಟೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು: ಕಣ್ಣುಗುಡ್ಡೆ ಓಲಾಡುತ್ತದೆ, ಕಾಲು ತತ್ತರಿಸುತ್ತದೆ, ನೆನಪು ಶಾಶ್ವತವಾಗಿ ಹೋಗುವುದೂ ಉಂಟು. 'ಥಯಾಮಿನ್ ಇಂಜೆಕ್ಷನ್ ಕೊಟ್ಟಿದ್ದೀರಾ?' ಎಂದು ಸಂಕೋಚವಿಲ್ಲದೆ ಕೇಳಿ.

ಆಸೆ ತಗ್ಗಿಸುವ ಮಾತ್ರೆ

ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಲಿವರ್ ತೊಂದರೆ ಇದ್ದವರಿಗೆ ಬ್ಯಾಕ್ಲೋಫೆನ್ ಇವೆ, ಆಯ್ಕೆ ವೈದ್ಯರದು. ಡೈಸಲ್ಫಿರಾಮ್ ಬೇರೆ ಜಾತಿಯ ಮಾತ್ರೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹಾಗಾಗಿ ಕುಡಿಯುವವರಿಗೇ ತಿಳಿಸಿ, ಅವರ ಒಪ್ಪಿಗೆಯಿಂದಲೇ ಕೊಡಬೇಕು. ಸಾರಿನಲ್ಲಿ ಕದ್ದು ಬೆರೆಸಿದರೆ ಕೊಲ್ಲಬಲ್ಲದು. 'ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ' ಎಂಬ ಜಾಹೀರಾತುಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪೊಟ್ಟಣದಲ್ಲಿ ಏನಿದೆ ಎಂದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ತೆಗೆದುಕೊಳ್ಳುವವರು ಆಲ್ಕೋಹಾಲ್ ಇರುವ ಕೆಮ್ಮಿನ ಔಷಧಿ, ಆಯುರ್ವೇದದ ಅರಿಷ್ಟಗಳಿಂದಲೂ ದೂರವಿರಬೇಕು.

ಸಂಜೆ ಆರರಿಂದ ಒಂಬತ್ತು

ಬಾಟಲಿ ಹೋದ ಮೇಲೆ ಉಳಿಯುವುದು ಖಾಲಿ ಸಂಜೆ. ಆರು ಗಂಟೆಗೆ ಹೊಟ್ಟೆ ತುಂಬ ತಿನ್ನಿ. ಹಸಿವು, ಸಿಟ್ಟು, ಒಂಟಿತನ, ದಣಿವು ಇವು ನಾಲ್ಕೂ ಆಸೆಯನ್ನು ಕೆರಳಿಸುತ್ತವೆ. ಆಸೆ ಎದ್ದಾಗ ಅರ್ಧ ಗಂಟೆ ಮುಂದೂಡಿ, ಆ ಹೊತ್ತಿನಲ್ಲಿ ಒಬ್ಬರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಅಷ್ಟರಲ್ಲಿ ಅದು ಇಳಿಯುತ್ತದೆ. ಬಾರ್ ಇರುವ ರಸ್ತೆ ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಬನ್ನಿ. ಸಂಬಳದ ದಿನ ಹಣ ಹೆಂಡತಿಯ ಅಥವಾ ಅಮ್ಮನ ಖಾತೆಗೆ ಹೋಗಲಿ. ಮೊದಲ ವರ್ಷ ಹೊಸತೊಡಕಿನ ಬಾಡೂಟಕ್ಕೆ ಹೋಗಲೇಬೇಡಿ, ನೆಂಟರು ಮುನಿಸಿಕೊಂಡರೂ ಸರಿ. ಆಲ್ಕೋಹಾಲ್ ಇಲ್ಲದ ಬಿಯರ್ ಕೂಡ ಬೇಡ. ಅದೇ ಗ್ಲಾಸು, ಅದೇ ವಾಸನೆ ಹಳೆಯ ಆಸೆಯನ್ನು ಎಬ್ಬಿಸುತ್ತವೆ.

ಒಬ್ಬರೇ ಹೊರುವ ಕೆಲಸ ಇದಲ್ಲ. ಕುಡಿತ ಬಿಡುವವರು ಕೂಡಿ ಒಬ್ಬರಿಗೊಬ್ಬರು ಆಸರೆಯಾಗುವ, 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ನಮ್ಮಲ್ಲೂ ನಡೆಯುತ್ತವೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಮನೆಯವರಿಗೆ ಅಲ್-ಅನಾನ್ ಇದೆ. ಹಳ್ಳಿಗಳಲ್ಲಿ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿವೆ. ಶಿಬಿರ ಮುಗಿದ ಮೇಲೆ ಅಲ್ಲಿ ಕುಡಿತ ಬಿಟ್ಟವರ ಗುಂಪಾದ ನವಜೀವನ ಸಮಿತಿಯನ್ನು ಬಿಡಬೇಡಿ. ಬಿಟ್ಟ ಕುಡಿತ ಮರಳುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ.

ಜಾರಿದರೆ

ಒಂದು ರಾತ್ರಿ ಕುಡಿದಿರಿ ಎನ್ನಿ. 'ಹೇಗೂ ಹೋಯಿತು' ಎಂದು ಮುಂದುವರಿಸದೆ ಬೆಳಿಗ್ಗೆಯೇ ವೈದ್ಯರಿಗೆ ತಿಳಿಸಿ, ಸಂಜೆ ಸಭೆಗೆ ಹೋಗಿ. ಹಲವು ದಿನ ಸತತವಾಗಿ ಕುಡಿದಿದ್ದರೆ ಮನೆಯಲ್ಲೇ ನಿಲ್ಲಿಸಬೇಡಿ, ಮತ್ತೆ ಆಸ್ಪತ್ರೆಗೇ ಹೋಗಿ. ಕಳೆದ ಸಲ ಸಲೀಸಾಗಿ ನಿಂತಿತ್ತು ಎಂಬ ಧೈರ್ಯ ಬೇಡ: ಬಿಟ್ಟು ಹಿಡಿದು ಮಾಡಿದಷ್ಟೂ ನಡುಕ, ಫಿಟ್ಸ್ ಮೊದಲಿಗಿಂತ ಜೋರಾಗುವುದುಂಟು.