ಬಳ್ಳಾರಿ ಜೀನ್ಸ್ ಬಟ್ಟೆಯಲ್ಲಿ ಗಗನಯಾತ್ರಿಯ ಮೊಣಕೈ: ಹೊಲಿಯಿರಿ, ಊದಿರಿ, ಬಾಗಿಸಿ ನೋಡಿ

2024ರ ಸೆಪ್ಟೆಂಬರ್ 12ರಂದು ಅಮೆರಿಕದ ಉದ್ಯಮಿ ಜೇರೆಡ್ ಐಸಾಕ್‌ಮನ್, ಅವರು ಒಳಬಂದ ಮೇಲೆ ಎಂಜಿನಿಯರ್ ಸಾರಾ ಗಿಲ್ಲಿಸ್, ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ನೌಕೆಯ ಬಾಗಿಲಿನಿಂದ ಮೈ ಹೊರಹಾಕಿದರು. ಪೋಲಾರಿಸ್ ಡಾನ್ ಎಂಬ ಆ ಯಾನದಲ್ಲಿ ನಡೆದದ್ದು ಮೊದಲ ಖಾಸಗಿ ಬಾಹ್ಯಾಕಾಶ ನಡಿಗೆ. ಇಬ್ಬರೂ ಹೊರಗಿದ್ದದ್ದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಮಾಡಿದ್ದೇನು ಅಂದರೆ, ಬಾಗಿಲ ಬಳಿಯ ಕಂಬಿ ಹಿಡಿದು ಕೈ ಎತ್ತಿದರು, ಮೊಣಕೈ ಮಡಚಿದರು, ಮೈ ಆಡಿಸಿ ನೋಡಿದರು. ಇಷ್ಟಕ್ಕೇ ಅಷ್ಟು ಖರ್ಚಾ ಎಂದು ಕೇಳುವವರಿಗೆ ಉತ್ತರ ಒಂದು ಗಜ ಜೀನ್ಸ್ ಬಟ್ಟೆಯಲ್ಲಿದೆ. ಗಾಳಿ ತುಂಬಿದ ಬಟ್ಟೆಯ ಕೊಳವೆಯೊಳಗೆ ಕೈಯಿಟ್ಟು ಮಡಚುವುದು ಸುಲಭದ ಮಾತಲ್ಲ. ಅಂತರಿಕ್ಷದ ಉಡುಪು ಅರ್ಧಕ್ಕರ್ಧ ದರ್ಜಿಯ ಕೆಲಸ, ದರ್ಜಿಗಳಿಗೆ ಬಳ್ಳಾರಿಯಲ್ಲಿ ಬರವಿಲ್ಲ.

ಇಲ್ಲಿ ಎರಡು ತೋಳು ಹೊಲಿಯುತ್ತೇವೆ. ಒಂದು ಸಾದಾ ಕೊಳವೆ, ಇನ್ನೊಂದಕ್ಕೆ ನಿಜವಾದ ಕೀಲು. ಎರಡನ್ನೂ ಒಂದೇ ಒತ್ತಡಕ್ಕೆ ಊದಿ, ಬಾಗಿಸಲು ಎಷ್ಟು ಬಲ ಬೇಕೆಂದು ತೂಗಿ ನೋಡುತ್ತೇವೆ. ಹೈಸ್ಕೂಲು ವಿಜ್ಞಾನ ಕೊಠಡಿಗೆ ಎರಡು ದಿನದ ಕೆಲಸ.

ಬೇಕಾದ ಸಾಮಾನು

ಬಟ್ಟೆ: 10 ಔನ್ಸಿನ (ಚದರ ಗಜಕ್ಕೆ ಅಷ್ಟು ತೂಗುವ) ಡೆನಿಮ್, ಒಂದು ಮೀಟರ್. ಕೌಲ್ ಬಜಾರ್ ಕಡೆ ತುಣುಕು ಬಟ್ಟೆ ತೂಕದ ಲೆಕ್ಕದಲ್ಲಿ ಸಿಕ್ಕರೂ ಸಾಕು, ಆದರೆ ಲೈಕ್ರಾ ಇರಬಾರದು. ಈಗ ಪೇಟೆಯಲ್ಲಿ ಓಡುವ ಜೀನ್ಸ್ ಬಹುಪಾಲು ಸ್ಟ್ರೆಚ್. ಲೈಕ್ರಾ ಇರುವುದು ಹೊಕ್ಕಿನಲ್ಲಿ, ಅಂದರೆ ಬಟ್ಟೆಯ ಅಡ್ಡಕ್ಕೆ ಓಡುವ ನೂಲಿನಲ್ಲಿ, ಹಾಗಾಗಿ ತುಂಡನ್ನು ಅಡ್ಡಕ್ಕೆ ಹಿಡಿದು ಎಳೆಯಿರಿ. ರಬ್ಬರಿನಂತೆ ಹಿಗ್ಗಿ ಮರಳಿದರೆ ಅದನ್ನು ಬಿಡಿ.

ಗಾಳಿಚೀಲ: ಪಂಕ್ಚರ್ ಅಂಗಡಿಯಿಂದ ಮೋಟಾರ್ ಬೈಕಿನ ಎರಡು ಹಳೆಯ ಟ್ಯೂಬ್, ಚಪ್ಪಟೆಯಾಗಿಟ್ಟಾಗ 8ರಿಂದ 10 ಸೆಂ.ಮೀ. ಅಗಲ ಇರುವಂಥದ್ದು. ಪ್ಯಾಚ್ ಇದ್ದರೂ ಅಡ್ಡಿಯಿಲ್ಲ, ಸೋರಿಕೆ ಇರಬಾರದು.

ಮಾಪಕ: ಹಳೆಯ ಬಿಪಿ ಯಂತ್ರ, ಮುಳ್ಳಿನ ಡಯಲ್ ಇರುವುದು, ರಬ್ಬರ್ ಬುರುಡೆ ಸಮೇತ. ಟೈರಿನ ಗೇಜು ಇಲ್ಲಿ ಕೆಲಸಕ್ಕೆ ಬಾರದು. ನಮಗೆ ಬೇಕಾದದ್ದು 5 ಪಿಎಸ್‌ಐ (ಚದರ ಇಂಚಿಗೆ 5 ಪೌಂಡ್ ಒತ್ತಡ), ಅದರ ಮುಳ್ಳು ಅಷ್ಟಕ್ಕೆ ಸರಿಯಾಗಿ ಅಲ್ಲಾಡುವುದೂ ಇಲ್ಲ. 5 ಪಿಎಸ್‌ಐ ಅಂದರೆ ಸುಮಾರು 260 ಮಿ.ಮೀ. ಪಾದರಸ, ಬಿಪಿ ಡಯಲ್ 300ರವರೆಗೆ ಓದುತ್ತದೆ. ಹೇಳಿ ಮಾಡಿಸಿದ ಹಾಗಿದೆ.

ಇನ್ನುಳಿದದ್ದು: 12 ಮಿ.ಮೀ. ಅಗಲದ, ಹಿಗ್ಗದ ನೈಲಾನ್ ಪಟ್ಟಿ ಒಂದೂವರೆ ಮೀಟರ್, 5 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯ ತುಂಡುಗಳು, ಎಂ6 ಬೋಲ್ಟು, ಟಿ ಆಕಾರದ ಪ್ಲಾಸ್ಟಿಕ್ ಜೋಡಣೆ, 5 ಕೆ.ಜಿ.ಯ ಸ್ಪ್ರಿಂಗ್ ತಕ್ಕಡಿ, ಕಣ್ಣಿಗೆ ಕನ್ನಡಕ.

ಕತ್ತರಿಸುವುದು

ಪ್ಯಾಂಟ್ ಕತ್ತರಿಸುವಾಗ ಹಾಸಿನ ನೂಲು (ಥಾನಿನ ಉದ್ದಕ್ಕೆ ಓಡುವುದು) ಕಾಲಿನುದ್ದಕ್ಕೆ ಬರುತ್ತದೆ. ಇಲ್ಲಿ ಉಲ್ಟಾ: ಹಾಸು ತೋಳಿನ ಸುತ್ತಲೂ ಬರಬೇಕು. ಕಟಿಂಗ್ ಮಾಸ್ಟರ್ ಇದಕ್ಕೆ ಒಪ್ಪುವುದಿಲ್ಲ, ಒಪ್ಪಿಸಿ. ಊದಿದ ಕೊಳವೆಯಲ್ಲಿ ಸುತ್ತಳತೆಯ ಎಳೆತ ಉದ್ದದ ಎಳೆತಕ್ಕಿಂತ ಎರಡು ಪಟ್ಟು, ಡೆನಿಮ್‌ನಲ್ಲಿ ಗಟ್ಟಿ ಇರುವುದು ಹಾಸು. ಕೊಳವೆ ಸೀಳುವುದೂ ಯಾವಾಗಲೂ ಉದ್ದಕ್ಕೇ.

ಸಾದಾ ತೋಳು: 27 × 70 ಸೆಂ.ಮೀ. ಕೀಲಿನ ತೋಳು: 27 × 84 ಸೆಂ.ಮೀ. ಎರಡರಲ್ಲೂ ಹಾಸು 27ರ ಕಡೆಗೆ. ಹೊಲಿದ ಮೇಲೆ ಸುತ್ತಳತೆ 23.5, ವ್ಯಾಸ 7.5, ಉದ್ದ 60 ಆಗಬೇಕು. ಕೀಲಿನ ತೋಳಿನಲ್ಲಿ ಹೆಚ್ಚಿರುವ 14 ಸೆಂ.ಮೀ. ಬಟ್ಟೆಯಲ್ಲೇ ಇಡೀ ಗುಟ್ಟಿದೆ.

ಕೀಲು ಹೊಲಿಯುವುದು

ಬಟ್ಟೆ ಚಪ್ಪಟೆಯಾಗಿರುವಾಗಲೇ ಈ ಕೆಲಸ ಮುಗಿಸಬೇಕು. ಒಂದು ಉದ್ದಂಚಿನಿಂದ 4.7 ಸೆಂ.ಮೀ.ಗೆ ಒಂದು ಗೆರೆ, 16.5ಕ್ಕೆ ಇನ್ನೊಂದು. ಕೊಳವೆಯಾದಾಗ ಇವೆರಡೂ ಎದುರುಬದುರು ಬರುತ್ತವೆ. ನಡುವಿನ 30 ಸೆಂ.ಮೀ. ಭಾಗದಲ್ಲಿ ಪ್ರತಿ 5 ಸೆಂ.ಮೀ.ಗೆ ಗುರುತು ಹಾಕಿ, ಒಟ್ಟು ಏಳು. ನೈಲಾನ್ ಪಟ್ಟಿಯ ಮೇಲೂ ಏಳು ಗುರುತು, ಆದರೆ 2.7 ಸೆಂ.ಮೀ.ಗೆ ಒಂದರಂತೆ. ಗುರುತಿಗೆ ಗುರುತು ಕೂಡಿಸಿ ಪ್ರತಿಯೊಂದರಲ್ಲೂ ಬಾರ್‌ಟ್ಯಾಕ್ (ಒಂದೇ ಕಡೆ ಒತ್ತೊತ್ತಾಗಿ ಹಾಕುವ ಗಟ್ಟಿ ಹೊಲಿಗೆ) ಹಾಕಿ. ಬಾರ್‌ಟ್ಯಾಕ್ ಯಂತ್ರ ಇಲ್ಲದಿದ್ದರೆ ಮುಂದೆ ಹಿಂದೆ ಎಂಟು ಸಲ ಹೊಲಿಗೆ ಓಡಿಸಿ. ಗುರುತುಗಳ ನಡುವೆ ಬಟ್ಟೆ ಮೇಲೆದ್ದು ಸಡಿಲವಾಗಿ ನಿಲ್ಲುತ್ತದೆ, ಅದನ್ನು ಇಸ್ತ್ರಿ ಮಾಡಿ ಕೂರಿಸಬೇಡಿ. ಕೀಲಿನ ಆಚೀಚೆ ಉಳಿದ ಉದ್ದಕ್ಕೆ ಪಟ್ಟಿಯನ್ನು ನೇರವಾಗಿ ಹೊಲಿದು ತುದಿಯವರೆಗೂ ಒಯ್ಯಿರಿ.

ಈ ಪಟ್ಟಿಗಳ ಕೆಲಸವೇನು? ಪಟ್ಟಿ ಇಲ್ಲದೆ ಊದಿದರೆ ನೆರಿಗೆಯೆಲ್ಲ ಹಾರ್ಮೋನಿಯಂ ತಿದಿಯಂತೆ ಬಿಚ್ಚಿಕೊಂಡು, ತೋಳು ಉದ್ದವಾಗಿ, ಮತ್ತೆ ಸಾದಾ ಕೊಳವೆಯೇ ಆಗುತ್ತದೆ. ಪಟ್ಟಿ ಉದ್ದವನ್ನು ಹಿಡಿದಿಟ್ಟರೆ ಬಾಗಿದಾಗ ಒಳಮೈಯ ನೆರಿಗೆ ಮುಚ್ಚಿದಷ್ಟು ಹೊರಮೈಯದು ತೆರೆಯುತ್ತದೆ, ಒಳಗಿನ ಜಾಗ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಜಾಗ ಕುಗ್ಗದಿದ್ದರೆ ಗಾಳಿಯನ್ನು ಒತ್ತುವ ಶ್ರಮವೂ ಇಲ್ಲ. ಪಟ್ಟಿ 12 ಮಿ.ಮೀ. ಮೀರಬಾರದು. ಮಂಚದ ನವಾರು ಗಟ್ಟಿ ನಿಜ, ಆದರೆ ಅಷ್ಟು ಅಗಲದ್ದು ಅಡ್ಡಮಗ್ಗುಲಿಗೆ ಬಾಗುವುದಿಲ್ಲ.

ಆಮೇಲೆ ಉದ್ದದ ಹೊಲಿಗೆ. ಜೀನ್ಸ್ ಕಾಲಿಗೆ ಹಾಕುವ ಅದೇ ಮಡಿಕೆ ಹೊಲಿಗೆ, ಎರಡು ಸಾಲು, 16 ಅಥವಾ 18 ನಂಬರಿನ ಸೂಜಿ. ಗೆರೆಗಳನ್ನು 4.7ಕ್ಕೆ ಹಾಕಿದ್ದು ಈ ಹೊಲಿಗೆ ಪಟ್ಟಿಯ ಮೇಲೆ ಬರದಿರಲಿ ಎಂದೇ. ಬಂದರೆ ಪದರದ ಮೇಲೆ ಪದರ ಬಿದ್ದು ಸೂಜಿ ಮುರಿಯುತ್ತದೆ. ಸುರುಟಿಕೊಂಡ ಬಟ್ಟೆಯನ್ನು ಗೇಣು ಗೇಣಾಗಿ ಬಿಡಿಸಿಕೊಳ್ಳುತ್ತ ಹೊಲಿಯಬೇಕು, ಅವಸರ ಬೇಡ. ಮುಗಿದಾಗ ಚಪ್ಪಟೆ ಅಗಲ 11.7 ಇದೆಯೇ ಅಳೆಯಿರಿ.

ಗಾಳಿಚೀಲ ಕೂರಿಸುವುದು

ಟ್ಯೂಬನ್ನು 72 ಸೆಂ.ಮೀ. ತುಂಡು ಮಾಡಿ (ಕೀಲಿನ ತೋಳಿಗೆ 76), ವಾಲ್ವ್ ಒಂದು ತುದಿಯಿಂದ 15 ಸೆಂ.ಮೀ. ದೂರದಲ್ಲಿರಲಿ. ಬಾಯಿಗಳನ್ನು ಎರಡು ಸಲ ಮಡಚಿ, 11 ಸೆಂ.ಮೀ.ಯ ಎರಡು ಕಬ್ಬಿಣದ ಪಟ್ಟಿಗಳ ನಡುವೆ ಹಿಡಿದು ಎರಡೂ ಅಂಚಿಗೆ ಬೋಲ್ಟ್ ಬಿಗಿಯಿರಿ. ಪಟ್ಟಿಯ ಮೂಲೆಗಳನ್ನು ಅರದಿಂದ ಉಜ್ಜಿ ದುಂಡಾಗಿಸಿ. ಹೆಚ್ಚಿನ ಸೋರಿಕೆ ಹುಟ್ಟುವುದು ಈ ಮೂಲೆಗಳಿಂದಲೇ. ಬಕೆಟ್ ನೀರಿನಲ್ಲಿ ಅದ್ದಿ ಗುಳ್ಳೆ ನೋಡಿದ ಮೇಲೆಯೇ, ಟಾಲ್ಕಂ ಪೌಡರ್ ಸವರಿ ಬಟ್ಟೆಯೊಳಗೆ ಇಳಿಸಿ. ವಾಲ್ವಿಗೆ ಐಲೆಟ್ (ಲೋಹದ ಪುಟ್ಟ ಬಳೆ) ಹಾಕಿದ ತೂತು ಬೇಕು. ತೋಳಿನ ಒಂದು ಬಾಯಿ ಮೂರು ಸಾಲು ಹೊಲಿಗೆಯಿಂದ ಮುಚ್ಚಿರಲಿ, ಇನ್ನೊಂದನ್ನು ಎರಡು ಸಲ ಮಡಚಿ ಮೂರು ಬೋಲ್ಟಿನ ಪಟ್ಟಿಯಿಂದ ಹಿಡಿಯಿರಿ. ಈ ತುದಿಗಳ ಮೇಲೆ ಬೀಳುವ ಎಳೆತ ಸುಮಾರು 16 ಕೆ.ಜಿ., ಕೈಹೊಲಿಗೆ ನಿಲ್ಲುವುದಿಲ್ಲ.

ಊದುವುದು

ವಾಲ್ವಿನ ಒಳಗಿನ ಪಿನ್ ತೆಗೆದು ರಬ್ಬರ್ ನಳಿಕೆ ಸಿಕ್ಕಿಸಿ. ಟಿ ಜೋಡಣೆಯ ಒಂದು ಕವಲು ಡಯಲಿಗೆ, ಇನ್ನೊಂದು ಬುರುಡೆಗೆ. ಮೊದಲ ಎರಡು ಲೀಟರ್ ಬಾಯಿಂದಲೇ ಊದಿದರೆ ಕೈ ನೋವು ತಪ್ಪುತ್ತದೆ, ಆಮೇಲೆ ಬುರುಡೆ ಒತ್ತಿ 100, 180, 260 ಎಂದು ನಿಂತು ನಿಂತು ಏರಿಸಿ. ಪ್ರತಿ ನಿಲುಗಡೆಯಲ್ಲೂ ಹೊಲಿಗೆ ನೋಡಿ. ನೂಲಿನ ತೂತು ಅಗಲವಾಗಿ ಟ್ಯೂಬಿನ ಕಪ್ಪು ಕಂಡರೆ ಅಲ್ಲೇ ನಿಲ್ಲಿಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರವೂ ಒಯ್ಯಬೇಡಿ.

ಬಿಸಿಲಿಗೂ ಒಯ್ಯಬೇಡಿ. ನೆರಳಿನಲ್ಲಿ 30 ಡಿಗ್ರಿಯಲ್ಲಿ 260ಕ್ಕೆ ತುಂಬಿದ ತೋಳು ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ 50 ಡಿಗ್ರಿಗೆ ಕಾದರೆ ಒತ್ತಡ 65ರಷ್ಟು ಏರಿ ಡಯಲಿನ ಆಚೆ ಹೋಗುತ್ತದೆ.

ತೂಗುವುದು

ತೋಳಿನ ಮೇಲ್ಭಾಗವನ್ನು ಬೆಂಚಿಗೆ ಕಟ್ಟಿ. ಮೊಣಕೈಯಿಂದ 25 ಸೆಂ.ಮೀ. ದೂರಕ್ಕೆ ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ, ತೋಳಿಗೆ ಸದಾ ಲಂಬವಾಗಿರುವಂತೆ ಎಳೆಯಿರಿ. ನೆರಿಗೆಯ ತೋಳನ್ನು ಪಟ್ಟಿಗಳಿಲ್ಲದ ಮಗ್ಗುಲಿಗೆ ಮಾತ್ರ ಬಾಗಿಸಬೇಕು. ಪಟ್ಟಿ ಇರುವ ಕಡೆಗೆ ಅದು ಬಾಗದು, ಬಾಗಲೂಬಾರದು.

ಸಾದಾ ಕೊಳವೆ ಮುರಿದು ಮಡಚಲು ಬೇಕಾದ ತಿರುಗುಬಲ (ಬಲ × ದೂರ) π × ಒತ್ತಡ × ತ್ರಿಜ್ಯದ ಘನ. ಒತ್ತಡಕ್ಕೆ 35,000 ಪ್ಯಾಸ್ಕಲ್ (ಸುಮಾರು 5 ಪಿಎಸ್‌ಐ), ತ್ರಿಜ್ಯಕ್ಕೆ 3.75 ಸೆಂ.ಮೀ. ಹಾಕಿದರೆ 5.8 ನ್ಯೂಟನ್ ಮೀಟರ್, ಅಂದರೆ 25 ಸೆಂ.ಮೀ. ದೂರದ ತಕ್ಕಡಿಯಲ್ಲಿ ಸುಮಾರು 2.4 ಕೆ.ಜಿ. ಬಟ್ಟೆ, ರಬ್ಬರಿನ ಬಿಗುವು ಇದರ ಮೇಲೆ. ಇಷ್ಟೇನಾ ಅನ್ನಬೇಡಿ, ಘನ ಇರುವುದನ್ನು ನೋಡಿ. ಮನುಷ್ಯನ ತೋಳು ಹಿಡಿಸುವಂತೆ ವ್ಯಾಸ 15 ಸೆಂ.ಮೀ. ಮಾಡಿದರೆ ಎಂಟು ಪಟ್ಟು, ಅಂದರೆ 19 ಕೆ.ಜಿ. ಪ್ರತಿ ಸಲ ಕೈ ಮಡಚಲು ಒಂದು ಪುಟ್ಟ ಮೂಟೆ ಎತ್ತಿದ ಹಾಗೆ.

ಇದೇ ಲೆಕ್ಕ ಉಡುಪಿನೊಳಗಿನ ಗಾಳಿಯನ್ನೂ ತೀರ್ಮಾನಿಸುತ್ತದೆ. ನಮ್ಮ ಸುತ್ತಲಿನಷ್ಟೇ ಒತ್ತಡ ಇಟ್ಟರೆ ಶ್ರಮ ಮೂರು ಪಟ್ಟು. ಹಾಗಾಗಿ ಒತ್ತಡ ಇಳಿಸಿ ಶುದ್ಧ ಆಮ್ಲಜನಕ ಕೊಡುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಅಮೆರಿಕನ್ ಉಡುಪಿನಲ್ಲಿ ಅದು 4.3 ಪಿಎಸ್‌ಐ. ಆದರೆ ಒಮ್ಮೆಲೇ ಇಳಿಸಿದರೆ ರಕ್ತದಲ್ಲಿ ಕರಗಿದ ಸಾರಜನಕ ಸೋಡಾ ಬಾಟಲಿಯಂತೆ ಗುಳ್ಳೆಯೇಳುತ್ತದೆ. ಪೋಲಾರಿಸ್ ಡಾನ್‌ನಲ್ಲಿ ಸುಮಾರು 45 ಗಂಟೆ ನೌಕೆಯ ಒತ್ತಡವನ್ನು ಮೆಲ್ಲಗೆ ಇಳಿಸುತ್ತ, ಆಮ್ಲಜನಕ ಏರಿಸುತ್ತ ಹೋದದ್ದು ಇದಕ್ಕೇ. ಡ್ರ್ಯಾಗನ್‌ಗೆ ಗಾಳಿ ತಡೆವ ನಡುಕೋಣೆ ಇಲ್ಲ. ಬಾಗಿಲು ತೆರೆದಾಗ ಇಡೀ ನೌಕೆ ಬರಿದಾಯಿತು, ಒಳಗೇ ಕೂತಿದ್ದ ಸ್ಕಾಟ್ ಪೊಟೀಟ್, ಆ್ಯನಾ ಮೆನನ್ ಕೂಡ ಉಡುಪಿನ ಗಾಳಿಯನ್ನೇ ನಂಬಿಕೊಂಡಿದ್ದರು. ಎಲ್ಲ ಸೇರಿ ಒಂದು ಗಂಟೆ 46 ನಿಮಿಷದ ಕೆಲಸ.

ಕೆಟ್ಟರೆ ಏನು ನೋಡಬೇಕು

ಕೀಲು ತಿರುಚಿಕೊಳ್ಳುತ್ತಿದ್ದರೆ ಪಟ್ಟಿಗಳು ಎದುರುಬದುರು ಇಲ್ಲ ಎಂದರ್ಥ. ಅರ್ಧ ಸೆಂ.ಮೀ. ತಪ್ಪಿದರೂ ಕಾಣುತ್ತದೆ, ಬಿಚ್ಚಿ ಹೊಲಿಯುವುದೊಂದೇ ದಾರಿ. ತಾನಾಗಿಯೇ ಒಂದು ಕಡೆಗೆ ಬಾಗಿ ನಿಂತರೆ ಒಂದು ಪಟ್ಟಿ ಇನ್ನೊಂದಕ್ಕಿಂತ ಗಿಡ್ಡ. ಕೀಲಿನ ತೋಳೂ ಸಾದಾ ಕೊಳವೆಯಷ್ಟೇ ಬಲ ಕೇಳಿದರೆ ಬಾರ್‌ಟ್ಯಾಕ್ ಕಿತ್ತು ನೆರಿಗೆ ಬಿಚ್ಚಿದೆ, ಅಥವಾ ಟ್ಯೂಬು ಬಿಗಿಯಾಗಿ ಗಿಡ್ಡವಾಗಿದೆ. ತೋಳು ದಿನೇದಿನೇ ದಪ್ಪವಾಗುತ್ತಿದ್ದರೆ ಬಟ್ಟೆಯಲ್ಲಿ ಲೈಕ್ರಾ ಇತ್ತು.

ಕೊನೆಗೊಂದು ಪ್ರಯೋಗ: 260ರಲ್ಲಿ ಸಾದಾ ತೋಳನ್ನು ಪೂರ್ತಿ ಮಡಚಿ, 20 ಲೀಟರಿನ ನೀರಿನ ಕ್ಯಾನಿನ ಅಗಲದ ಪೆಟ್ಟಿಗೆಗೆ ತುರುಕಲು ನೋಡಿ. ಹೋಗದು. ಬುರುಡೆಯ ತಿರುಪು ಸಡಿಲಿಸಿ ಒತ್ತಡ ಇಳಿಸುತ್ತ ಬನ್ನಿ, ಎಷ್ಟಕ್ಕೆ ಇಳಿದಾಗ ತೂರುತ್ತದೆ ಎಂದು ಬರೆದಿಡಿ. 1965ರ ಮಾರ್ಚ್ 18ರಂದು ಮನುಷ್ಯರಲ್ಲೇ ಮೊದಲಿಗರಾಗಿ ನೌಕೆಯಿಂದ ಬಾಹ್ಯಾಕಾಶಕ್ಕೆ ಹೊರನಡೆದ ಸೋವಿಯತ್ ಗಗನಯಾತ್ರಿ ಅಲೆಕ್ಸೀ ಲಿಯೊನೊವ್ ಅವರ ಉಡುಪು ಊದಿಕೊಂಡು ಒಳಗೆ ಬರಲಾಗದಿದ್ದಾಗ ಅವರು ತಿರುಗಿಸಿದ್ದೂ ಇಂಥದ್ದೇ ಒಂದು ವಾಲ್ವು.