ಮೊದಲು ಚಾರ್ಟು, ಆಮೇಲೆ ಟಾರ್ಚು

ಕಣ್ಣಿನ ವಿಭಾಗಕ್ಕೆ ಪೋಸ್ಟಿಂಗ್ ಬರುವ ನರ್ಸಿಂಗ್ ವಿದ್ಯಾರ್ಥಿಗಳ ಕೈ ಮೊದಲು ಹೋಗುವುದು ಟಾರ್ಚಿಗೆ. ನಾನು ಅದನ್ನು ಇಸಿದುಕೊಂಡು ಚಾರ್ಟಿನ ಕಡೆ ಕಳಿಸುತ್ತೇನೆ. ಜೋರು ಬೆಳಕು ಬಿದ್ದ ಕಣ್ಣಿಗೆ ಸ್ವಲ್ಪ ಹೊತ್ತು ಕತ್ತಲೆ ಕವಿಯುತ್ತದೆ. ಪಾಪೆ ಹಿಗ್ಗಿಸುವ ಹನಿ ಹಾಕಿದರಂತೂ ಗಂಟೆಗಟ್ಟಲೆ ಮಂಜು. ಹಾಗಾಗಿ ದೃಷ್ಟಿ ಎಷ್ಟಿದೆ ಎನ್ನುವುದನ್ನು ಮೊದಲೇ ಬರೆದಿಡಬೇಕು. ಕಣ್ಣಿಗೆ ಸುಣ್ಣವೋ ಆಸಿಡ್ಡೋ ಬಿದ್ದು ಬಂದವರಿಗೆ ಮಾತ್ರ ಈ ಕ್ರಮ ಇಲ್ಲ. ಅವರಿಗೆ ತಕ್ಷಣ ಧಾರಾಳವಾಗಿ ತೊಳೆಯುವುದು, ಉಳಿದದ್ದೆಲ್ಲ ಆಮೇಲೆ.

ಸ್ನೆಲ್ಲೆನ್ ಚಾರ್ಟಿನಿಂದ, ಅಂದರೆ ಕೆಳಗಿಳಿದಂತೆ ಅಕ್ಷರ ಚಿಕ್ಕದಾಗುತ್ತ ಹೋಗುವ ಹಲಗೆಯಿಂದ, ರೋಗಿಯನ್ನು 6 ಮೀಟರ್ ದೂರದಲ್ಲಿ ಕೂರಿಸುತ್ತೇನೆ. ದೂರದ ಕನ್ನಡಕ ಇದ್ದರೆ ಹಾಕಿಕೊಂಡೇ ಓದಬೇಕು. ಬೆರಳಿನಿಂದ ಕಣ್ಣು ಮುಚ್ಚಲು ಬಿಡುವುದಿಲ್ಲ. ಸಂದಿಯಲ್ಲಿ ಇಣುಕುತ್ತಾರೆ, ಇಲ್ಲವೇ ಗುಡ್ಡೆಯನ್ನು ಒತ್ತಿ ಮಸುಕು ಮಾಡಿಕೊಳ್ಳುತ್ತಾರೆ. ಅಂಗೈ ಬೊಗಸೆಯಂತೆ ಮುಚ್ಚಬೇಕು. ಎರಡನೇ ಕಣ್ಣಿಗೆ ಸಾಲನ್ನು ಹಿಂದಿನಿಂದ ಓದಿಸುತ್ತೇನೆ, ಬಾಯಿಪಾಠ ಆಗಿರುತ್ತದಲ್ಲ! ಒಬ್ಬ ಹಿರಿಯರು ಬಲಗಣ್ಣು ಮುಚ್ಚಿದ ಕೂಡಲೇ "ಲೈಟ್ ಯಾಕಮ್ಮಾ ಆರಿಸಿದ್ರಿ?" ಎಂದರು. ಲೈಟು ಉರಿಯುತ್ತಲೇ ಇತ್ತು. ಎಡಗಣ್ಣು ಯಾವಾಗಲೋ ಹೋಗಿದ್ದು ಅವರಿಗೇ ಗೊತ್ತಿರಲಿಲ್ಲ.

6/18 ಎಂದರೆ ಸರಿಯಾದ ಕಣ್ಣು 18 ಮೀಟರ್‌ನಿಂದ ಓದುವುದನ್ನು ಇವರು 6 ಮೀಟರ್‌ನಿಂದ ಓದುತ್ತಿದ್ದಾರೆ ಎಂದು. ಮೇಲಿನ ದೊಡ್ಡ ಅಕ್ಷರವೂ ಕಾಣದಿದ್ದರೆ ಹತ್ತಿರ ಕರೆಯುವುದು, ಆಮೇಲೆ ಬೆರಳೆಣಿಕೆ, ಕೈಯಾಡಿಸುವುದು, ಕೊನೆಗೆ ಬೆಳಕಾದರೂ ತಿಳಿಯುತ್ತದೆಯೇ ಎಂದು ನೋಡುವುದು. "ಕಾಣುವುದಿಲ್ಲ" ಎಂದಷ್ಟೇ ಬರೆದ ಕೇಸ್ ಶೀಟನ್ನು ನಾನು ವಾಪಸ್ ಕೊಡುತ್ತೇನೆ.

ನನಗೆ ಬಹಳ ಇಷ್ಟವಾದ ಸಾಧನ ಪಿನ್‌ಹೋಲ್, ಅಂದರೆ ಸಣ್ಣ ತೂತಿರುವ ಕಪ್ಪು ತಟ್ಟೆ. 6/24 ಇದ್ದವರು ಅದರ ತೂತಿನಿಂದ ನೋಡಿ 6/9 ಓದಿದರೆ ದೋಷ ಬಹುಪಾಲು ಕನ್ನಡಕದಲ್ಲಿ ಸರಿಹೋಗುವಂಥದ್ದು: ಸಮೀಪದೃಷ್ಟಿ, ದೂರದೃಷ್ಟಿ, ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದೆ ನೋಟ ಮಸುಕಾಗುವುದು). ಸುಧಾರಿಸದಿದ್ದರೆ ಪೊರೆ, ರೆಟಿನಾ (ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರ), ನರ ಇವುಗಳ ಕಡೆ ಯೋಚಿಸಬೇಕು. ನಲವತ್ತು ದಾಟಿದವರ ಚಾಳೀಸು ಈ ಚಾರ್ಟಿನಲ್ಲಿ ಸಿಗುವುದಿಲ್ಲ, ಅದಕ್ಕೆ ಹತ್ತಿರದ ಚಾರ್ಟೇ ಬೇಕು.

ಈಗ ಟಾರ್ಚು. ಒಂದು ಕಣ್ಣಿಗೆ ಬೆಳಕು ಬಿಟ್ಟರೆ ಎರಡೂ ಪಾಪೆ ಕುಗ್ಗಬೇಕು. ಪೊರೆ ಎಷ್ಟೇ ಬಲಿತಿದ್ದರೂ ಈ ಪ್ರತಿಕ್ರಿಯೆ ಉಳಿದಿರುತ್ತದೆ. ಕುಂದಿದ್ದರೆ "ಬರೀ ಪೊರೆ" ಎಂದು ಸುಮ್ಮನಾಗಬಾರದು.

ಕಣ್ಣಿನ ನರ ಹಾಳಾಗುತ್ತ ಹೋಗುವ ಗ್ಲಾಕೋಮಾದ ವಿಷಯದಲ್ಲಿ ಚಾರ್ಟನ್ನೂ ಪೂರ್ತಿ ನಂಬುವಂತಿಲ್ಲ. ಅಂಚಿನ ನೋಟ ಸಾಕಷ್ಟು ಹೋದ ಮೇಲೂ ಕೆಲವರು 6/6 ಓದುತ್ತಾರೆ. ಅದಕ್ಕೇ ಎದುರುಬದುರು ಕೂತು, ಅವರು ಎಡಗಣ್ಣು ಮುಚ್ಚಿದರೆ ನಾನು ಬಲಗಣ್ಣು ಮುಚ್ಚಿ, ಬದಿಯಿಂದ ಬೆರಳು ತರುತ್ತೇನೆ. ಕಣ್ಣೊಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸ, ಅದರೊಳಗಿದ್ದೂ ಗ್ಲಾಕೋಮಾ ಬರಬಹುದು.

ಇಬ್ಬರನ್ನು ಮಾತ್ರ ಸಾಲಿನಲ್ಲಿ ಕಾಯಿಸುವುದಿಲ್ಲ. ಕೆಂಪುಗಣ್ಣು, ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಎನ್ನುವವರು ಒಬ್ಬರು. ಇವರಿಗೆ ಪಾಪೆ ಹಿಗ್ಗಿಸುವ ಹನಿ ಮುಟ್ಟಿಸಲೇಬಾರದು. ಇನ್ನೊಬ್ಬರು, ಮಿಂಚು ಹೊಡೆದಂತಾಗಿ ಪರದೆ ಇಳಿಯುತ್ತಿದೆ ಎನ್ನುವವರು. ರೆಟಿನಾ ಕಳಚುತ್ತಿರಬಹುದು, ನೋವಿಲ್ಲವೆಂದು ನಾಳೆ ಬರಹೇಳುವಂತಿಲ್ಲ.